ಮಂಗಳೂರು, ಉಡುಪಿಯ ಹಬ್ಬ, ಜಾತ್ರೆ, ಕೋಲ: ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಕರಾವಳಿಯ ಹಬ್ಬಗಳ ಬಗ್ಗೆ ಜನ ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಮದುವೆಯಾಗಿ ಈ ಕಡೆ ಬಂದವರು, ಘಟ್ಟದ ಮೇಲಿನ ಗೆಳೆಯರು, ಮುಂಬಯಿಯಲ್ಲಿ ಹುಟ್ಟಿ ಬೆಳೆದ ನಮ್ಮವರೇ ಆದ ಮಕ್ಕಳು ಮಾತಿನ ನಡುವೆ ಕೇಳಿದ್ದು, ಪತ್ರ ಬರೆದು ಕೇಳಿದ್ದು ಇವು. ಪ್ರಶ್ನೆಗಳನ್ನು ಅವರ ಮಾತಲ್ಲೇ ಇಟ್ಟಿದ್ದೇನೆ. ಮೊದಲು ಸುಲಭದ್ದು, ಆಮೇಲೆ ಆಳದ್ದು. ಆಚರಣೆ ಊರಿಂದ ಊರಿಗೆ, ಮನೆಯಿಂದ ಮನೆಗೆ ಸ್ವಲ್ಪ ಬದಲಾಗುತ್ತದೆ. ನಿಮ್ಮ ಮನೆಯಲ್ಲಿ ಬೇರೆ ಕ್ರಮ ಇದ್ದರೆ ಅದನ್ನೇ ಹಿಡಿದುಕೊಳ್ಳಿ.

## ಮೊದಲು ಇಷ್ಟು ಗೊತ್ತಿರಲಿ

ನಿಮ್ಮ ಕಡೆ ಯುಗಾದಿ ಮಾಡೋದೇ ಇಲ್ವಾ?

ಮಾಡುತ್ತೇವೆ, ಆದರೆ ನಮ್ಮದು ಸೌರಮಾನದ ಯುಗಾದಿ. ಅದರ ಹೆಸರು ಬಿಸು. ತುಳು ಪಂಚಾಂಗದ ಪಗ್ಗು ತಿಂಗಳ ಮೊದಲ ದಿನ, ಅಂದರೆ ಏಪ್ರಿಲ್ 14 ಅಥವಾ 15ಕ್ಕೆ ಬರುತ್ತದೆ. ಹಿಂದಿನ ರಾತ್ರಿಯೇ ದೇವರ ಮುಂದೆ ಕಣಿ ಇಡುತ್ತಾರೆ. ಅಕ್ಕಿ, ತೆಂಗಿನಕಾಯಿ, ಸೌತೆಕಾಯಿ, ಗೇರುಹಣ್ಣು, ಮಾವಿನಹಣ್ಣು, ವೀಳ್ಯದೆಲೆ, ಅಡಿಕೆ, ಚಿನ್ನ, ಒಂದು ಕನ್ನಡಿ. ಬೆಳಗ್ಗೆ ಎದ್ದ ಕೂಡಲೇ ಮೊದಲು ನೋಡಬೇಕಾದ್ದು ಅದನ್ನು. ಆಮೇಲೆ ಹಿರಿಯರ ಕಾಲಿಗೆ ಬೀಳುವುದು, ಅವರಿಂದ ಒಂದಿಷ್ಟು ಕೈಕಾಸು ಪಡೆಯುವುದು. ಗದ್ದೆ ಇರುವವರು ಆ ದಿನ ಹಿಡಿಯಷ್ಟು ಭತ್ತ ಬಿತ್ತಿ ವರ್ಷದ ಬೇಸಾಯಕ್ಕೆ ಮುಹೂರ್ತ ಮಾಡುತ್ತಿದ್ದರು. ಊಟಕ್ಕೆ ಹಸಿ ಗೇರುಬೀಜ ಹಾಕಿದ ತೊಂಡೆಕಾಯಿ ಪಲ್ಯ, ಹೆಸರುಬೇಳೆ ಪಾಯಸ ಇದ್ದೇ ಇರುತ್ತದೆ.

ಇದೇ ಊರಿನ ಗೌಡ ಸಾರಸ್ವತರು ಚಾಂದ್ರಮಾನ ಯುಗಾದಿ ಮಾಡುತ್ತಾರೆ. ಹಾಗಾಗಿ ಒಂದೇ ಬೀದಿಯಲ್ಲಿ ಎರಡು ಹೊಸ ವರ್ಷ ಬರುವುದು ಇಲ್ಲಿ ಮಾಮೂಲಿ.

ಆಟಿ, ಸೋಣ ಅಂತೆಲ್ಲ ಹೇಳ್ತೀರಲ್ಲ, ಯಾವ ತಿಂಗಳು ಯಾವಾಗ ಬರುತ್ತೆ?

ತುಳು ತಿಂಗಳು ಸಂಕ್ರಮಣದಿಂದ ಸಂಕ್ರಮಣಕ್ಕೆ ನಡೆಯುತ್ತದೆ. ಇಂಗ್ಲಿಷ್ ತಿಂಗಳ ನಡುವೆ, ಹೆಚ್ಚುಕಡಿಮೆ 14ರಿಂದ 18ರೊಳಗೆ, ಹೊಸ ತಿಂಗಳು ಶುರು. ಏಪ್ರಿಲ್ ಮಧ್ಯದಿಂದ ಲೆಕ್ಕ ಹಿಡಿದರೆ ಹೀಗೆ: ಪಗ್ಗು, ಬೇಶ, ಕಾರ್ತೆಲ್, ಆಟಿ, ಸೋಣ, ನಿರ್ನಾಲ್, ಬೊಂತೆಲ್, ಜಾರ್ದೆ, ಪೆರಾರ್ದೆ, ಪುಯಿಂತೆಲ್, ಮಾಯಿ, ಸುಗ್ಗಿ. ಆಟಿ ಅಂದರೆ ಜುಲೈ ಮಧ್ಯದಿಂದ ಆಗಸ್ಟ್ ಮಧ್ಯದವರೆಗೆ. ಸೋಣ ಅದರ ಮರುತಿಂಗಳು.

ಈ ಪಟ್ಟಿಯನ್ನು ಒಮ್ಮೆ ಬಾಯಿಪಾಠ ಮಾಡಿಕೊಂಡರೆ ಉಳಿದದ್ದೆಲ್ಲ ಸುಲಭ. ಮಳೆ ಯಾವಾಗ ಬಿಡುತ್ತದೆ, ಗದ್ದೆ ಯಾವಾಗ ಖಾಲಿ ಇರುತ್ತದೆ, ಮನೆಯಲ್ಲಿ ಅಕ್ಕಿ ಯಾವಾಗ ಮುಗಿಯುತ್ತದೆ ಎಂಬುದರ ಮೇಲೆಯೇ ಇಲ್ಲಿನ ಹೆಚ್ಚಿನ ಹಬ್ಬಗಳು ನಿಂತಿವೆ. ಗದ್ದೆಗಳು ಸೈಟುಗಳಾದ ಮೇಲೂ ಈ ಕ್ಯಾಲೆಂಡರ್ ನಮ್ಮನ್ನು ಬಿಟ್ಟಿಲ್ಲ.

ವರ್ಷಕ್ಕೆ ಒಂದೇ ಸಲ ರಜೆ ಸಿಗೋದು. ಯಾವಾಗ ಬಂದರೆ ಜಾಸ್ತಿ ನೋಡಬಹುದು?

ಮನೆ ಹಬ್ಬ, ಊಟ, ಹುಲಿವೇಷ ಬೇಕಾದರೆ ಆಗಸ್ಟ್‌ನಿಂದ ಅಕ್ಟೋಬರ್. ಕೋಲ (ದೈವಾರಾಧನೆ), ಕಂಬಳ (ಕೋಣಗಳ ಓಟ), ಯಕ್ಷಗಾನ, ಜಾತ್ರೆ ಬೇಕಾದರೆ ಡಿಸೆಂಬರ್‌ನಿಂದ ಏಪ್ರಿಲ್. ಒಂದನ್ನೇ ಆರಿಸಿ ಅಂದರೆ ನಾನು ಜನವರಿಯ ಎರಡನೇ, ಮೂರನೇ ವಾರ ಹೇಳುತ್ತೇನೆ. ಮಕರ ಸಂಕ್ರಾಂತಿಯ ರಾತ್ರಿ ಉಡುಪಿಯ ರಥಬೀದಿಯಲ್ಲಿ ಮೂರು ತೇರು ಒಟ್ಟಿಗೆ ಎಳೆಯುತ್ತಾರೆ. ಸಮ ಸಂಖ್ಯೆಯ ವರ್ಷವಾದರೆ 18ಕ್ಕೆ ಪರ್ಯಾಯ, ಅಂದರೆ ಕೃಷ್ಣನ ಪೂಜೆಯ ಸರದಿ ಬದಲಾಗುವ ಉತ್ಸವ. ಶನಿವಾರ, ಭಾನುವಾರ ಎಲ್ಲಾದರೂ ಒಂದು ಕಡೆ ಕಂಬಳ ಇರುತ್ತದೆ. ಸೆಕೆಯೂ ಕಡಿಮೆ.

ತುಳು ಬರದಿದ್ದರೆ ಕಷ್ಟ ಆಗುತ್ತಾ?

ಇಲ್ಲ. ಕನ್ನಡದಲ್ಲಿ ಕೇಳಿದರೆ ಎಲ್ಲರೂ ಉತ್ತರ ಕೊಡುತ್ತಾರೆ. ಒಂದೇ ಪೇಟೆಯಲ್ಲಿ ತುಳು, ಕೊಂಕಣಿ, ಬ್ಯಾರಿ, ಕನ್ನಡ ಎಲ್ಲ ನಡೆಯುತ್ತದೆ. ಕುಂದಾಪುರದ ಕಡೆ ಹೋದರೆ ಕುಂದಾಪ್ರ ಕನ್ನಡ. ಕೋಲದಲ್ಲಿ ದೈವದ ನುಡಿ ಮಾತ್ರ ತುಳುವಿನಲ್ಲಿರುತ್ತದೆ. ಪಕ್ಕದಲ್ಲಿ ಕೂತ ಅಜ್ಜಿಯನ್ನು ಕೇಳಿ, ಖುಷಿಯಿಂದ ಬಿಡಿಸಿ ಹೇಳುತ್ತಾರೆ.

## ಮಳೆಗಾಲ ಮತ್ತು ಮನೆ ಹಬ್ಬ

ಆಟಿ ತಿಂಗಳು ಅಶುಭ ಅಂತಾರೆ, ನಿಜವಾ?

ಆಟಿಯಲ್ಲಿ ಮದುವೆ, ಗೃಹಪ್ರವೇಶ ಇಡುವುದಿಲ್ಲ. ಅದಕ್ಕೆ ಕಾರಣ ಹಸಿವು. ನಾಟಿ ಮುಗಿದಿರುತ್ತದೆ, ಹಳೆ ಅಕ್ಕಿ ತಳ ಕಂಡಿರುತ್ತದೆ, ಹೊಸ ತೆನೆ ಬಂದಿರುವುದಿಲ್ಲ. ಹೊರಗೆ ಬಿಡದೆ ಸುರಿಯುವ ಮಳೆ, ಮನೆಯಲ್ಲಿ ಜ್ವರ. ಅಂಥ ತಿಂಗಳಲ್ಲಿ ಯಾರು ಮದುವೆ ಮಾಡುತ್ತಾರೆ? ಹೊಸದಾಗಿ ಮದುವೆಯಾದ ಹೆಣ್ಣುಮಕ್ಕಳನ್ನು ತವರಿಗೆ ಕರೆಸಿ ಕೂರಿಸುವುದೂ ಈ ತಿಂಗಳಲ್ಲೇ.

ಆ ಕಷ್ಟದ ತಿಂಗಳ ಅಡುಗೆಯನ್ನೇ ಈಗ ನಾವು ಹಬ್ಬದೂಟ ಮಾಡಿಕೊಂಡಿದ್ದೇವೆ. ಕೆಸುವಿನ ಎಲೆಯ ಪತ್ರೊಡೆ, ತಜಂಕ್ ಸೊಪ್ಪಿನ ಪಲ್ಯ, ಕಣಿಲೆ (ಎಳೆ ಬಿದಿರು), ಉಪ್ಪು ನೀರಿನಲ್ಲಿ ಹಾಕಿಟ್ಟ ಹಲಸಿನ ಸೊಳೆ, ಹಲಸಿನ ಬೀಜ. ಹಿತ್ತಲಲ್ಲಿ, ಗುಡ್ಡದಲ್ಲಿ ಸಿಗುವುದನ್ನು ಹುಡುಕಿ ಮನೆಯವರ ಹೊಟ್ಟೆ ತುಂಬಿಸಿದ ಹೆಂಗಸರ ಜಾಣ್ಮೆ ಅದು. ಸಭಾಂಗಣಗಳಲ್ಲಿ ನಡೆಯುವ ‘ಆಟಿಡೊಂಜಿ ದಿನ’ (ಆಟಿಯಲ್ಲೊಂದು ದಿನ) ಕಾರ್ಯಕ್ರಮಕ್ಕೆ ಹೋದಾಗ ಇಷ್ಟನ್ನು ಮಕ್ಕಳಿಗೆ ಹೇಳಬೇಕು. ಇದೇ ತಿಂಗಳು ಆಟಿ ಕಳೆಂಜ ಎಂಬ ವೇಷದವನು ಮನೆಮನೆಗೆ ಬರುತ್ತಾನೆ. ತೆಂಗಿನ ಎಳೆ ಗರಿಯ ಉಡುಗೆ, ಕೈಯಲ್ಲಿ ಓಲೆಯ ಕೊಡೆ, ತೆಂಬರೆ ಎಂಬ ಪುಟ್ಟ ಚರ್ಮವಾದ್ಯದ ತಾಳ. ಊರಿನ ಮಾರಿ ಕಳೆಯಲಿ ಎಂದು ಕುಣಿದು, ಅಕ್ಕಿ, ತೆಂಗಿನಕಾಯಿ ಪಡೆದು ಹೋಗುತ್ತಾನೆ.

ಆಟಿ ಅಮಾವಾಸ್ಯೆಯ ಕಷಾಯ ನಾವೇ ಮಾಡಿಕೊಳ್ಳಬಹುದಾ?

ಮರ ಗುರುತಿಸಲು ಗೊತ್ತಿರುವವರು ಜೊತೆಯಲ್ಲಿದ್ದರೆ ಮಾತ್ರ. ಕಷಾಯ ಮಾಡುವುದು ಪಾಲೆ ಮರದ ತೊಗಟೆಯಿಂದ. ಕನ್ನಡದಲ್ಲಿ ಹಾಲೆ ಮರ ಅನ್ನುತ್ತೇವೆ. ಸೂರ್ಯ ಹುಟ್ಟುವ ಮೊದಲೇ ಹೋಗಿ, ಕಬ್ಬಿಣ ಮುಟ್ಟಿಸದೆ ಕಲ್ಲಿನಿಂದ ಜಜ್ಜಿ ತೊಗಟೆ ತೆಗೆಯುವುದು ಕ್ರಮ. ಕಡೆದು ರಸ ತೆಗೆದು, ಬೆಳ್ಳುಳ್ಳಿ, ಕಾಳುಮೆಣಸು, ಓಮ ಸೇರಿಸಿ, ಕೆಂಡದಲ್ಲಿ ಕಾಯಿಸಿದ ಬಿಳಿಕಲ್ಲನ್ನು ಅದರೊಳಗೆ ಹಾಕುತ್ತಾರೆ. ಚುಂಯ್ ಅಂತ ಹೊಗೆ ಏಳುತ್ತದೆ. ಖಾಲಿ ಹೊಟ್ಟೆಗೆ ಸ್ವಲ್ಪವೇ ಕುಡಿಯುವುದು. ಸಿಕ್ಕಾಪಟ್ಟೆ ಕಹಿ. ಉಷ್ಣ ಅಂತ ಆಮೇಲೆ ಮೆಂತೆ ಗಂಜಿ.

ಇಲ್ಲಿ ಗಟ್ಟಿಯಾಗಿ ಹೇಳಬೇಕಾದ ಮಾತೊಂದಿದೆ. ಬೆಳಕು ಹರಿಯುವ ಮೊದಲು, ಮಳೆಯಲ್ಲಿ, ಅಂದಾಜಿನ ಮೇಲೆ ತೊಗಟೆ ಕೀಳಬೇಡಿ. ಕಾಸರಕದ ಮರ ಕಡು ವಿಷ. ಮರ ತಪ್ಪಿದರೆ ಜೀವಕ್ಕೇ ಅಪಾಯ. ಹಿಂದಿನ ದಿನ ಹಗಲಲ್ಲೇ ಮರ ನೋಡಿ ಗುರುತು ಮಾಡಿಡಿ. ಗರ್ಭಿಣಿಯರು, ಚಿಕ್ಕ ಮಕ್ಕಳು, ದಿನಾ ಮಾತ್ರೆ ತಗೊಳ್ಳುವವರು ವೈದ್ಯರನ್ನು ಕೇಳದೆ ಕುಡಿಯಬಾರದು. ಎಷ್ಟೋ ಕಡೆ ದೇವಸ್ಥಾನ, ಸಂಘದವರು ತಿಳಿದವರಿಂದ ಮಾಡಿಸಿ ಹಂಚುತ್ತಾರೆ. ಅಲ್ಲಿಗೆ ಹೋಗುವುದು ಒಳ್ಳೆಯದು.

ನಾಗರ ಪಂಚಮಿಗೆ ಎಲ್ಲರೂ ಊರಿಗೇ ಓಡೋದು ಯಾಕೆ? ಬೆಂಗಳೂರಲ್ಲೇ ಹಾಲೆರೆದರೆ ಆಗಲ್ವಾ?

ಪ್ರತಿ ಕುಟುಂಬಕ್ಕೂ ಒಂದು ಮೂಲ ನಾಗಬನ ಇರುತ್ತದೆ. ನೀವು ಎಲ್ಲೇ ಮನೆ ಕಟ್ಟಿರಿ, ನಿಮ್ಮ ನಾಗ ಅಲ್ಲೇ. ಹಾಗಾಗಿ ಆ ದಿನ ಜನ ಮೂಲ ಹುಡುಕಿಕೊಂಡು ಹೋಗಿ ತನು ಎರೆಯುತ್ತಾರೆ. ಹಾಲು, ಸೀಯಾಳ, ಹಿಂಗಾರ, ಕೇದಗೆ, ಅರಸಿನ. ಮೂಲ ಗೊತ್ತಿಲ್ಲದವರು, ದೂರ ಹೋಗಲಾಗದವರು ಮಂಗಳೂರಿನ ಹತ್ತಿರದ ಕುಡುಪು ಅನಂತಪದ್ಮನಾಭ ದೇವಸ್ಥಾನದಂಥ ಕಡೆ ಸೇವೆ ಕೊಡುತ್ತಾರೆ. ಮನೆಯಲ್ಲಿ ಆ ದಿನ ಅರಸಿನ ಎಲೆಯಲ್ಲಿ ಅಕ್ಕಿಹಿಟ್ಟು ಹಚ್ಚಿ, ಬೆಲ್ಲ ತೆಂಗಿನಕಾಯಿ ತುಂಬಿ ಬೇಯಿಸಿದ ‘ಗಟ್ಟಿ’ ಎಂಬ ಕಡುಬು. ಹಬೆಯಾಡುವಾಗಿನ ಆ ಎಲೆಯ ಪರಿಮಳ ಇಡೀ ಓಣಿಗೆ ಹಬ್ಬುತ್ತದೆ.

ಬನ ಅಂದರೆ ಕಾಡಿನ ತುಂಡು. ದೊಡ್ಡ ಮರ, ಬಳ್ಳಿ, ಹುತ್ತ, ಒದ್ದೆ ನೆಲ. ಅದನ್ನು ಕಡಿದು ನೆಲಕ್ಕೆ ಗ್ರಾನೈಟ್ ಹಾಸಿ, ಸುತ್ತ ಕಾಂಕ್ರೀಟ್ ಕಟ್ಟೆ ಕಟ್ಟಿಸುವುದನ್ನು ಜೀರ್ಣೋದ್ಧಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ. ನಿಮ್ಮ ಕುಟುಂಬದ ಬನಕ್ಕೆ ಖರ್ಚು ಮಾಡುವ ಮಾತು ಬಂದಾಗ ಮರ ಉಳಿಸಿ ಅಂತ ಒಂದು ಮಾತು ಎತ್ತಿ.

ಬಾಗಿಲಿಗೆ, ಕಾರಿಗೆ ಭತ್ತದ ತೆನೆ ಕಟ್ಟೋದು ಯಾವ ಹಬ್ಬ? ಕ್ರೈಸ್ತರ ಮನೆಯಲ್ಲೂ ನೋಡಿದೆ.

ಹೊಸ ಬೆಳೆಯನ್ನು ಮನೆಗೆ ಕರೆತರುವ ಹಬ್ಬ ಅದು. ತುಳುವಿನಲ್ಲಿ ಕುರಲ್ ಪರ್ಬ, ಕನ್ನಡದಲ್ಲಿ ತೆನೆ ಹಬ್ಬ. ಕೆಲವರು ಚೌತಿಯ ಹೊತ್ತಿಗೆ, ಕೆಲವರು ನವರಾತ್ರಿಯಲ್ಲಿ ಮಾಡುತ್ತಾರೆ. ಮಾವು, ಹಲಸು, ಅಶ್ವತ್ಥ, ಬಿದಿರಿನ ಎಲೆ ಜೊತೆಗೆ ತೆನೆ ಸುತ್ತಿ ಬಾಗಿಲು, ಬಾವಿ, ಅಕ್ಕಿ ಡಬ್ಬ, ನೇಗಿಲು ಎಲ್ಲದಕ್ಕೂ ಕಟ್ಟುತ್ತಾರೆ. ನೇಗಿಲು ಹೋದ ಮನೆಗಳಲ್ಲಿ ಸ್ಕೂಟರಿಗೆ ಕಟ್ಟುತ್ತಾರೆ. ಕೆಲವು ಕಾಳು ಸುಲಿದು ಪಾಯಸಕ್ಕೆ ಹಾಕಿ ಹೊಸ ಅಕ್ಕಿ ಊಟ.

ಕೊಂಕಣಿ ಕೆಥೋಲಿಕರಿಗೆ ಇದೇ ಮೊಂತಿ ಫೆಸ್ತ್, ಸೆಪ್ಟೆಂಬರ್ 8ಕ್ಕೆ. ಮಾತೆ ಮರಿಯಮ್ಮನ ಹುಟ್ಟುಹಬ್ಬ. ಅದಕ್ಕೆ ಮೊದಲು ಒಂಬತ್ತು ದಿನ ಮಕ್ಕಳು ಬುಟ್ಟಿಯಲ್ಲಿ ಹೂ ತಂದು ಮಾತೆಗೆ ಅರ್ಪಿಸುತ್ತಾರೆ. ಹಬ್ಬದ ದಿನ ಇಗರ್ಜಿಯಲ್ಲಿ ತೆನೆ ಆಶೀರ್ವಾದವಾಗಿ ಮನೆಮನೆಗೆ ಹಂಚಿಕೆ. ಆ ಕಾಳನ್ನು ಹಾಲಿಗೋ ಪಾಯಸಕ್ಕೋ ಸೇರಿಸಿ, ಮನೆಯ ಹಿರಿಯರು ಎಲ್ಲರಿಗೂ ಕೊಟ್ಟ ಮೇಲೆ ಬಾಳೆಲೆಯಲ್ಲಿ ಊಟ. ಮೀನು ಮಾಂಸ ಇಲ್ಲ, ಬರೀ ತರಕಾರಿ, ಅದೂ ಬೆಸ ಸಂಖ್ಯೆಯಲ್ಲಿ. ಇಬ್ಬರದ್ದೂ ಒಂದೇ ಗದ್ದೆಯ ತೆನೆ, ಅಲ್ವಾ? ಅದಕ್ಕೇ ಎರಡು ಹಬ್ಬಕ್ಕೆ ಇಷ್ಟು ಹೋಲಿಕೆ.

ದೀಪಾವಳಿಯಲ್ಲಿ ಗದ್ದೆಗೆ ಹೋಗಿ ‘ಕೂ’ ಅಂತ ಕೂಗೋದು ಯಾರನ್ನ?

ಬಲೀಂದ್ರನನ್ನು. ತನ್ನ ರಾಜ್ಯ ಕಳೆದುಕೊಂಡ ಬಲಿ ಚಕ್ರವರ್ತಿ ವರ್ಷಕ್ಕೊಮ್ಮೆ ತನ್ನ ನೆಲ ನೋಡಲು ಬರುತ್ತಾನೆ ಎಂಬುದು ನಂಬಿಕೆ. ಪಾಡ್ಯದ ಮುಸ್ಸಂಜೆ ಗದ್ದೆ, ಹಟ್ಟಿ, ಗೊಬ್ಬರದ ಗುಂಡಿ, ಬಾವಿ, ತುಳಸಿಕಟ್ಟೆಗೆಲ್ಲ ದೀಪ ಇಟ್ಟು, ಅವಲಕ್ಕಿ, ಹೂ ಹಾಕಿ, ಅವನನ್ನು ಹೆಸರು ಹಿಡಿದು ಕರೆಯುತ್ತಾರೆ. ಮತ್ತೆ ಪೂರ್ತಿಯಾಗಿ ಯಾವಾಗ ಬರುವುದು ಎಂಬುದಕ್ಕೆ ಹಾಡಿನಲ್ಲಿ ಷರತ್ತುಗಳಿವೆ. ಉಪ್ಪು ಕರ್ಪೂರ ಆಗುವಾಗ, ಬೋರ್ಗಲ್ಲು ಹೂ ಬಿಡುವಾಗ, ಉದ್ದು ಮದ್ದಳೆ ಆಗುವಾಗ ಬಾ ಅನ್ನುತ್ತಾರೆ. ಆಗದ ಮಾತುಗಳು. ಆದರೂ ಪ್ರತಿ ವರ್ಷ ಕರೆಯುತ್ತೇವೆ.

ಕೆಡ್ಡಸ ಅಂದ್ರೇನು? ಕ್ಯಾಲೆಂಡರಲ್ಲಿ ಕಾಣೋದೇ ಇಲ್ಲ.

ಭೂಮಿ ತಾಯಿ ಮುಟ್ಟಾಗುವ ದಿನಗಳು. ಪುಯಿಂತೆಲ್ ತಿಂಗಳ ಕೊನೆಗೆ, ಫೆಬ್ರವರಿ ಎರಡನೇ ವಾರದ ಹೊತ್ತಿಗೆ, ಮೂರು ದಿನ. ಆಗ ನೆಲ ಅಗೆಯುವಂತಿಲ್ಲ, ಉಳುವಂತಿಲ್ಲ, ಹಸಿ ಮರ ಕಡಿಯುವಂತಿಲ್ಲ. ಹುರಿದ ಅಕ್ಕಿ ಪುಡಿ ಮಾಡಿ ಬೆಲ್ಲ, ತೆಂಗಿನಕಾಯಿ ಸೇರಿಸಿದ ನನ್ನೆರಿ ತಿನ್ನುತ್ತಾರೆ. ಕೊನೆಯ ದಿನ ಮನೆಯ ಹೆಂಗಸರು ತುಳಸಿಕಟ್ಟೆಯ ಹತ್ತಿರ ನೆಲ ಸಾರಿಸಿ, ಎಣ್ಣೆ, ಸೀಗೆ, ಅರಸಿನ, ಕುಂಕುಮ ಇಟ್ಟು, ನೆಲಕ್ಕೆ ಎಣ್ಣೆ ಎರೆದು ಭೂಮಿಗೆ ಸ್ನಾನ ಮಾಡಿಸುತ್ತಾರೆ. ಮೈಕಿಲ್ಲ, ಬ್ಯಾನರ್ ಇಲ್ಲ. ನಮ್ಮ ಹಬ್ಬಗಳಲ್ಲಿ ನನಗೆ ಬಹಳ ಪ್ರೀತಿಯದ್ದು ಇದು. ಬೇಗ ಮರೆಯಾಗುತ್ತಿರುವುದೂ ಇದೇ.

## ಊರೆಲ್ಲ ಸೇರುವ ಹಬ್ಬಗಳು

ಎಲ್ಲ ಕಡೆ ಕೃಷ್ಣಾಷ್ಟಮಿ ಮುಗಿದರೂ ಉಡುಪಿಯಲ್ಲಿ ಒಂದು ತಿಂಗಳು ತಡ ಯಾಕೆ?

ಪ್ರತಿ ವರ್ಷ ತಡ ಆಗುವುದಿಲ್ಲ. ಉಡುಪಿ ಮಠಗಳು ಸೌರಮಾನ ನೋಡುತ್ತವೆ. ಸಿಂಹ ಮಾಸದಲ್ಲಿ, ಅಂದರೆ ನಮ್ಮ ಸೋಣದಲ್ಲಿ ಬರುವ ಕೃಷ್ಣಪಕ್ಷದ ಅಷ್ಟಮಿ, ರೋಹಿಣಿ ನಕ್ಷತ್ರ ಅವರಿಗೆ ಲೆಕ್ಕ. ಶ್ರಾವಣದ ಅಷ್ಟಮಿ ಸಿಂಹ ಸಂಕ್ರಮಣಕ್ಕಿಂತ ಮೊದಲೇ ಬಂದುಬಿಟ್ಟರೆ ಉಡುಪಿ ಮುಂದಿನ ಅಷ್ಟಮಿಗೆ ಕಾಯುತ್ತದೆ. 2025ರಲ್ಲಿ ಹಾಗೇ ಆಯಿತು. ಬೇರೆ ಕಡೆ ಆಗಸ್ಟ್ 16, ಉಡುಪಿಯಲ್ಲಿ ಸೆಪ್ಟೆಂಬರ್ 14. ಟಿಕೆಟ್ ಬುಕ್ ಮಾಡುವ ಮೊದಲು ಉಡುಪಿಯ ಪಂಚಾಂಗ ನೋಡಿಕೊಳ್ಳಿ.

ಅಷ್ಟಮಿ ದಿನ ಬರಬೇಕಾ, ಮಾರನೇ ದಿನವಾ?

ಎರಡೂ ಬೇರೆ ರುಚಿ. ಅಷ್ಟಮಿ ಉಪವಾಸದ ದಿನ. ನಡುರಾತ್ರಿ ಚಂದ್ರ ಹುಟ್ಟುವಾಗ ಕೃಷ್ಣನಿಗೆ ಅರ್ಘ್ಯ ಕೊಡುತ್ತಾರೆ. ಮನೆಗಳಲ್ಲಿ ಆ ರಾತ್ರಿಯೇ ಮುಂಡುಕನ ಓಲೆ ಸುತ್ತಿ ಮೂಡೆ (ಇಡ್ಲಿಯಂಥ ತಿಂಡಿ) ಬೇಯಿಸುವ ಸಡಗರ. ಮಾರನೇ ದಿನ ವಿಟ್ಲಪಿಂಡಿ. ಮಧ್ಯಾಹ್ನದ ಮೇಲೆ ರಥಬೀದಿಯಲ್ಲಿ ಕೃಷ್ಣನ ಮಣ್ಣಿನ ಮೂರ್ತಿಯ ಮೆರವಣಿಗೆ ಹೊರಡುತ್ತದೆ. ಗುರ್ಜಿ ಎಂಬ ಮರದ ಚೌಕಟ್ಟುಗಳಲ್ಲಿ ತೂಗುಹಾಕಿದ ಮಡಕೆಗಳನ್ನು ಗೊಲ್ಲರ ವೇಷದವರು ಒಡೆಯುತ್ತಾ ಹೋಗುತ್ತಾರೆ. ಕೊನೆಗೆ ಮೂರ್ತಿ ಮಧ್ವ ಸರೋವರದಲ್ಲಿ ವಿಸರ್ಜನೆ. ಚಕ್ಕುಲಿ, ಉಂಡೆ ಪ್ರಸಾದ. ಮಕ್ಕಳಿದ್ದರೆ ಮಾರನೇ ದಿನ ಬನ್ನಿ, ಹುಲಿವೇಷಗಳು ತುಂಬಿರುತ್ತವೆ. ನಿಲ್ಲುವ ಜಾಗ ಬೇಕಾದರೆ ಹನ್ನೆರಡಕ್ಕೇ ಬಂದು ಯಾವುದಾದರೂ ಜಗಲಿ ಹಿಡಿಯಿರಿ.

ಹುಲಿವೇಷ ಹಾಕೋರು ಎಷ್ಟು ಹೊತ್ತು ಬಣ್ಣ ಬಳಿಸಿಕೊಳ್ತಾರೆ? ನೋವಾಗಲ್ವಾ?

ಆಗುತ್ತದೆ. ಮೈಯ ಕೂದಲು ಬೋಳಿಸಿ, ಮೊದಲು ತಳದ ಬಣ್ಣ, ಅದು ಒಣಗಿದ ಮೇಲೆ ಪಟ್ಟೆ. ಬಣ್ಣ ಒಣಗುವವರೆಗೆ ಕೈ ಚಾಚಿ ನಿಂತೇ ಇರಬೇಕು. ಕೂತರೆ, ಒರಗಿದರೆ ಬಣ್ಣ ಅಂಟಿಕೊಳ್ಳುತ್ತದೆ. ಚರ್ಮ ಎಳೆದ ಹಾಗೆ ಉರಿಯುತ್ತದೆ. ರಾತ್ರಿಯೆಲ್ಲ ಒಬ್ಬರಾದ ಮೇಲೊಬ್ಬರು ಹೀಗೆ ನಿಂತಿರುತ್ತಾರೆ. ಹೊರಡುವ ಮೊದಲು ಊದು ಪೂಜೆ. ಆಮೇಲೆ ತಾಸೆ ವಾದ್ಯದ ಪೆಟ್ಟು ಬಿದ್ದರೆ ಕಾಲು ತಾನಾಗೇ ಏಳುತ್ತದೆ. ಅಕ್ಕಿಮುಡಿಯನ್ನು ಹಲ್ಲಿನಲ್ಲಿ ಕಚ್ಚಿ ಎತ್ತಿ ಹಿಂದಕ್ಕೆ ಎಸೆಯುವುದು ದೊಡ್ಡ ಪಂದ್ಯ. ಹೆಚ್ಚಿನವರಿಗೆ ಇದು ಹರಕೆ. ಮಗುವಿನ ಕಾಯಿಲೆ ವಾಸಿಯಾದರೆ ಹುಲಿ ಹಾಕುತ್ತೇನೆ ಅಂತ ದೇವಿಗೆ ಹೇಳಿಕೊಂಡಿರುತ್ತಾರೆ. ಉಡುಪಿಯಲ್ಲಿ ಅಷ್ಟಮಿಗೆ, ಮಂಗಳೂರಿನಲ್ಲಿ ದಸರೆಗೆ ಇದರ ಜೋರು. ನೋಟು ಕೊಡುವುದಾದರೆ ಕೈಗೇ ಕೊಡಿ, ನೆಲಕ್ಕೆ ಎಸೆಯಬೇಡಿ.

ಮಂಗಳೂರು ದಸರಾಗೂ ಮೈಸೂರು ದಸರಾಗೂ ಏನು ವ್ಯತ್ಯಾಸ?

ಮೈಸೂರಿನದು ಅರಮನೆಯ ದಸರಾ. ಮಂಗಳೂರಿನ ದೊಡ್ಡ ಮೆರವಣಿಗೆ ಹೊರಡುವುದು ಕುದ್ರೋಳಿ ಗೋಕರ್ಣನಾಥೇಶ್ವರ ದೇವಸ್ಥಾನದಿಂದ. ದೇವಸ್ಥಾನಗಳೊಳಗೆ ಪ್ರವೇಶವೇ ಇಲ್ಲದಿದ್ದ ಕಾಲದಲ್ಲಿ ಬಿಲ್ಲವ ಸಮಾಜ ನಾರಾಯಣ ಗುರುಗಳನ್ನು ಕರೆಸಿ, 1912ರಲ್ಲಿ ಅವರ ಕೈಯಿಂದ ಪ್ರತಿಷ್ಠೆ ಮಾಡಿಸಿದ ಗುಡಿ ಅದು. ಜನಾರ್ದನ ಪೂಜಾರಿಯವರ ಮುಂದಾಳತ್ವದಲ್ಲಿ ಗುಡಿ ಹೊಸದಾದ ಮೇಲೆ, 1991ರಿಂದ ಈ ದಸರಾ ನಡೆಯುತ್ತಿದೆ. ಶಾರದೆ ಮತ್ತು ನವದುರ್ಗೆಯರ ಮೂರ್ತಿಗಳು ವಿಜಯದಶಮಿಯ ಸಂಜೆ ಹೊರಟು, ರಾತ್ರಿಯಿಡೀ ಊರು ಸುತ್ತಿ, ಬೆಳಗಿನ ಜಾವ ದೇವಸ್ಥಾನದ ಕೆರೆಗೇ ಮರಳುತ್ತವೆ. ಮಂಗಳಾದೇವಿಯ ರಥೋತ್ಸವ, ಮಂಗಳೂರಿನ ರಥಬೀದಿಯ ಶಾರದಾ ಮಹೋತ್ಸವವನ್ನೂ ಬಿಡಬೇಡಿ. ಶಾರದೆಗೆ ಮುಡಿಸಿದ ಮಲ್ಲಿಗೆ ಜಲ್ಲಿ ನೋಡಲೆಂದೇ ಬರುವವರಿದ್ದಾರೆ.

ಪರ್ಯಾಯ ಅಂದರೆ ಸ್ವಾಮಿಗಳು ಬದಲಾಗೋದಾ?

ಕೃಷ್ಣನ ಪೂಜೆಯ ಸರದಿ ಬದಲಾಗುವುದು. ಮಧ್ವಾಚಾರ್ಯರು ಕೃಷ್ಣನ ಪೂಜೆಗೆ ಎಂಟು ಮಠ ಮಾಡಿದರು. ಪಲಿಮಾರು, ಅದಮಾರು, ಕೃಷ್ಣಾಪುರ, ಪುತ್ತಿಗೆ, ಶೀರೂರು, ಸೋದೆ, ಕಾಣಿಯೂರು, ಪೇಜಾವರ. ಸರದಿಯೂ ಇದೇ ಕ್ರಮದಲ್ಲಿ. ಮೊದಲು ಎರಡೆರಡು ತಿಂಗಳಿದ್ದ ಸರದಿಯನ್ನು ಎರಡು ವರ್ಷಕ್ಕೆ ಏರಿಸಿದವರು ಸೋದೆ ಮಠದ ವಾದಿರಾಜರು. ಹಾಗಾಗಿ ಒಂದು ಮಠಕ್ಕೆ ಮತ್ತೆ ಸರದಿ ಬರಲು 16 ವರ್ಷ. 2024ರ ಜನವರಿ 18ಕ್ಕೆ ಪುತ್ತಿಗೆ, 2026ರಲ್ಲಿ ಶೀರೂರು.

ತಯಾರಿ ಒಂದು ವರ್ಷಕ್ಕೂ ಮೊದಲೇ ಶುರು. ಬಾಳೆ ಮುಹೂರ್ತ, ಅಕ್ಕಿ ಮುಹೂರ್ತ, ಕಟ್ಟಿಗೆ ಮುಹೂರ್ತ, ಭತ್ತ ಮುಹೂರ್ತ. ಹೆಸರಲ್ಲೇ ಗೊತ್ತಾಗುತ್ತದೆ, ಇದೆಲ್ಲ ಅನ್ನದಾನದ ಸಿದ್ಧತೆ. ಎರಡು ವರ್ಷ ಬಂದವರಿಗೆಲ್ಲ ಊಟ ಹಾಕಬೇಕು. ಮಧ್ವ ಸರೋವರದ ಹತ್ತಿರ ಕಟ್ಟಿಗೆಯನ್ನು ರಥದ ಆಕಾರದಲ್ಲಿ ಪೇರಿಸುತ್ತಾರೆ. ನೋಡದೆ ಹೋಗಬೇಡಿ. ಊರೂರಿನಿಂದ ಅಕ್ಕಿ, ತೆಂಗಿನಕಾಯಿ, ತರಕಾರಿ ತುಂಬಿದ ಹೊರೆಕಾಣಿಕೆ ವಾಹನಗಳು ಬರುತ್ತವೆ. ಪರ್ಯಾಯದ ರಾತ್ರಿ ಹೊಸ ಸ್ವಾಮಿಗಳು ಕಾಪುವಿನ ಹತ್ತಿರದ ದಂಡತೀರ್ಥದಲ್ಲಿ ಸ್ನಾನ ಮಾಡಿ, ಜೋಡುಕಟ್ಟೆಯಿಂದ ಮೆರವಣಿಗೆಯಲ್ಲಿ ಬಂದು, ಕನಕನ ಕಿಂಡಿಯಲ್ಲಿ ಕೃಷ್ಣನನ್ನು ನೋಡುತ್ತಾರೆ. ಬೆಳಕಾಗುವ ಹೊತ್ತಿಗೆ ಹಳೆಯ ಸ್ವಾಮಿಗಳು ಅಕ್ಷಯಪಾತ್ರೆ, ಸಟ್ಟುಗ ಒಪ್ಪಿಸಿ ಅವರನ್ನು ಸರ್ವಜ್ಞ ಪೀಠದಲ್ಲಿ ಕೂರಿಸುತ್ತಾರೆ. ಅಧಿಕಾರದ ಗುರುತಾಗಿ ಕೈಗೆ ಸಿಗುವುದು ಅನ್ನದ ಪಾತ್ರೆ ಮತ್ತು ಬಡಿಸುವ ಸೌಟು.

ಬೇರೆ ಧರ್ಮದವರ ಹಬ್ಬಕ್ಕೆ ನಾವು ಹೋಗಬಹುದಾ?

ಖಂಡಿತ ಹೋಗಿ. ಕಾರ್ಕಳದ ಅತ್ತೂರು ಸಂತ ಲಾರೆನ್ಸರ ಜಾತ್ರೆ ಜನವರಿಯಲ್ಲಿ. ಅಲ್ಲಿ ಮೇಣದಬತ್ತಿ ಹಚ್ಚುವವರಲ್ಲಿ ಎಲ್ಲ ಜಾತಿ, ಧರ್ಮದವರಿರುತ್ತಾರೆ. ಉಳ್ಳಾಲದ ಸಯ್ಯಿದ್ ಮದನಿ ದರ್ಗಾದ ಉರೂಸ್ ಐದು ವರ್ಷಕ್ಕೊಮ್ಮೆ. ಮೂಲ್ಕಿಯ ಬಪ್ಪನಾಡು ದುರ್ಗಾಪರಮೇಶ್ವರಿಯ ಗುಡಿಗೂ ಬಪ್ಪ ಬ್ಯಾರಿ ಎಂಬ ವ್ಯಾಪಾರಿಗೂ ಇರುವ ನಂಟಿನ ಕಥೆ ಅಲ್ಲಿಯ ಮಕ್ಕಳಿಗೂ ಗೊತ್ತು. ಕಾರ್ಕಳದಲ್ಲಿ 1432ರಲ್ಲಿ ನಿಲ್ಲಿಸಿದ 42 ಅಡಿ ಎತ್ತರದ ಬಾಹುಬಲಿಗೆ 12 ವರ್ಷಕ್ಕೊಮ್ಮೆ ಮಸ್ತಕಾಭಿಷೇಕ ಆಗುವಾಗ ಇಡೀ ಊರೇ ಕೈಜೋಡಿಸುತ್ತದೆ. ಇತ್ತೀಚೆಗೆ ಈ ಪ್ರಶ್ನೆ ಜಾಸ್ತಿ ಬರುತ್ತಿದೆ. ಅದು ನನಗೆ ಬೇಸರದ ವಿಷಯ. ಹಿಂದೆ ಇದನ್ನು ಯಾರೂ ಕೇಳುತ್ತಿರಲಿಲ್ಲ, ಸುಮ್ನೆ ಹೋಗಿ ಬರುತ್ತಿದ್ದರು.

ಜಾತ್ರೆಗಳಲ್ಲಿ ತಪ್ಪಿಸಿಕೊಳ್ಳಬಾರದ್ದು ಯಾವುದು?

ಪೊಳಲಿ ಚೆಂಡು, ಮಾರ್ಚ್ ಏಪ್ರಿಲ್‌ನಲ್ಲಿ. ರಾಜರಾಜೇಶ್ವರಿ ದೇವಸ್ಥಾನದ ಜಾತ್ರೆ ಸುಮಾರು ಒಂದು ತಿಂಗಳು ನಡೆಯುತ್ತದೆ. ಅದರ ಕೊನೆಗೆ ಗದ್ದೆಯಲ್ಲಿ ಚರ್ಮದ ಚೆಂಡಿನ ಆಟ. ಬರುವಾಗ ಕಲ್ಲಂಗಡಿ ತರದಿದ್ದರೆ ಪೊಳಲಿಗೆ ಹೋಗಿ ಬಂದ ಹಾಗೇ ಅಲ್ಲ. ಏಪ್ರಿಲ್‌ನಲ್ಲಿ ಕಟೀಲಿನ ತೂಟೆದಾರ: ಅತ್ತೂರು (ಕಾರ್ಕಳದ್ದಲ್ಲ), ಕೊಡೆತ್ತೂರು ಎಂಬ ಎರಡು ಗ್ರಾಮದವರು ಉರಿಯುವ ತೂಟೆ (ಗರಿಯ ಪಂಜು) ಎಸೆದಾಡುವ ಸೇವೆ. ಕುಂದಾಪುರದ ಹತ್ತಿರ ಕೋಟೇಶ್ವರದ ಕೊಡಿ ಹಬ್ಬಕ್ಕೆ ಹೊಸ ಜೋಡಿಗಳು ಹೋಗಿ ಕಬ್ಬು ತರುತ್ತಾರೆ.

## ಇನ್ನೂ ಆಳಕ್ಕೆ ಇಳಿಯುವವರಿಗೆ

ಸಿನಿಮಾ ನೋಡಿ ಕೋಲ ನೋಡುವ ಆಸೆ ಆಗಿದೆ. ಒಂದು ರಾತ್ರಿಯಲ್ಲಿ ನಿಜವಾಗಿ ಏನೇನು ನಡೆಯುತ್ತೆ?

ಸಂಜೆ ಭಂಡಾರ ಬರುತ್ತದೆ. ಅಂದರೆ ದೈವದ ಖಡ್ಗ, ಗಂಟೆ, ಮೊಗ, ಆಭರಣಗಳನ್ನು ಭಂಡಾರದ ಮನೆಯಿಂದ ಕೋಲದ ಜಾಗಕ್ಕೆ ಮೆರವಣಿಗೆಯಲ್ಲಿ ತರುವುದು. ದೈವ ಕಟ್ಟುವವರಿಗೆ ಎಣ್ಣೆ ವೀಳ್ಯ ಕೊಡುತ್ತಾರೆ. ಅಲ್ಲಿಂದ ಅವರ ಹೊಣೆ ಶುರು. ಮುಖಕ್ಕೆ ಹಳದಿ ಅರದಾಳ ಬಳಿದುಕೊಳ್ಳುತ್ತಾ ಅವರು ಕೂತಿರುವಾಗ, ಅವರ ಮನೆಯ ಹೆಂಗಸರು ತೆಂಬರೆ ಬಡಿದು ಪಾಡ್ದನ ಹೇಳುತ್ತಾರೆ. ಈ ದೈವ ಎಲ್ಲಿ ಹುಟ್ಟಿತು, ಯಾವ ಅನ್ಯಾಯ ಕಂಡಿತು, ಯಾವ ದಾರಿಯಲ್ಲಿ ಈ ಊರಿಗೆ ಬಂತು ಎಂಬ ಕಥೆ. ಹೆಚ್ಚಿನವರು ಈ ಹೊತ್ತಿನಲ್ಲಿ ಚುರುಮುರಿ ತಿನ್ನಲು ಹೋಗಿರುತ್ತಾರೆ. ಹೋಗಬೇಡಿ, ಕೂತು ಕೇಳಿ. ಕೋಲದ ಜೀವ ಅಲ್ಲಿದೆ.

ಆಮೇಲೆ ಕಾಲಿಗೆ ಗಗ್ಗರ (ದೊಡ್ಡ ಗೆಜ್ಜೆ), ಸೊಂಟಕ್ಕೆ ತೆಂಗಿನ ಎಳೆ ಗರಿಯ ಸಿರಿ, ಬೆನ್ನಿಗೆ ಅಣಿ (ಪ್ರಭಾವಳಿ). ವಾದ್ಯ ಏರುತ್ತದೆ, ದೀಟಿಗೆ ಹತ್ತುತ್ತದೆ, ಆವೇಶ ಬರುತ್ತದೆ. ಊರ ಪರವಾಗಿ ಒಬ್ಬರು ಮದಿಪು ಹೇಳಿ ಬಿನ್ನವಿಸಿಕೊಳ್ಳುತ್ತಾರೆ. ದೈವ ನುಡಿ ಕೊಡುತ್ತದೆ. ಜಾಗದ ತಕರಾರು, ಅಣ್ಣ ತಮ್ಮಂದಿರ ಜಗಳ, ತೀರದ ಹರಕೆ ಎಲ್ಲ ಅಲ್ಲಿ ಮಾತಿಗೆ ಬರುತ್ತವೆ. ಗುತ್ತಿನ (ಊರಿನ ಮುಖ್ಯ ಮನೆತನದ) ಯಜಮಾನ ಕೈಮುಗಿದು ನಿಂತಿರುತ್ತಾನೆ, ಉತ್ತರ ಕೊಡಬೇಕಾದವನೂ ಅವನೇ. ದೈವ ಕಟ್ಟುವವರು ನಲಿಕೆ, ಪರವ, ಪಂಬದ ಸಮುದಾಯದವರು. ಊರು ಶತಮಾನಗಳ ಕಾಲ ಕೀಳಾಗಿ ಕಂಡ ಜನ. ಅದೇ ಊರು ಆ ರಾತ್ರಿ ಅವರ ನುಡಿಗೆ ತಲೆಬಾಗುತ್ತದೆ. ಬೆಳಗಾದ ಮೇಲೂ ಅವರಿಗೆ ಆ ಗೌರವ ಸಿಗುತ್ತದಾ ಎಂದು ನಾವು ಕೇಳಿಕೊಳ್ಳಲೇಬೇಕು.

ಕೋಲಕ್ಕೆ ಆಮಂತ್ರಣ ಬೇಕಾ? ಫೋಟೊ ತೆಗೀಬಹುದಾ?

ಊರ ನೇಮಕ್ಕೆ (ಕೋಲಕ್ಕೆ) ಯಾರು ಬೇಕಾದರೂ ಬರಬಹುದು, ಊಟವೂ ಇರುತ್ತದೆ. ಕುಟುಂಬದ ಮನೆಯಲ್ಲಿ ನಡೆಯುವುದಾದರೆ ಪರಿಚಯದವರ ಜೊತೆ ಹೋಗಿ. ಕೋಲ ನಡೆಯುವ ಕೊಡಿಯಡಿಯ ಹತ್ತಿರ ಚಪ್ಪಲಿ ಬೇಡ. ದೈವದ ದಾರಿಗೆ ಅಡ್ಡ ನಿಲ್ಲಬೇಡಿ. ಫೋಟೊ ವಿಷಯ ಮನೆಯವರನ್ನೇ ಕೇಳಿ, ಬೇಡ ಅಂದರೆ ಬೇಡ. ಫ್ಲ್ಯಾಶ್, ಡ್ರೋನ್ ಎಲ್ಲೂ ಬೇಡ.

ಸ್ಕೂಲ್ ಡೇಗೆ ಮಗನಿಗೆ ಪಂಜುರ್ಲಿ ವೇಷ ಹಾಕಿಸಬಹುದಾ?

ಬೇಡ. ಯಕ್ಷಗಾನ ವೇಷ ಹಾಕಿಸಿ, ಹುಲಿ ಹಾಕಿಸಿ, ಅದು ಕಲೆ. ದೈವ ಕಟ್ಟುವುದು ಆರಾಧನೆ. ಅದಕ್ಕೆ ವ್ರತ ಇದೆ, ಹಕ್ಕುಳ್ಳ ಮನೆತನ ಇದೆ, ಜಾಗ ಇದೆ. ಮಗನಿಗೆ ಆಸಕ್ತಿ ಇದ್ದರೆ ಕೋಲಕ್ಕೇ ಕರೆದುಕೊಂಡು ಹೋಗಿ, ಪಾಡ್ದನದ ಕಥೆ ಹೇಳಿ.

ಪತ್ತನಾಜೆ ಆದ ಮೇಲೆ ಏನೂ ನಡೆಯಲ್ಲ ಅಂತಾರಲ್ಲ, ಯಾಕೆ?

ಪತ್ತನಾಜೆ ಅಂದರೆ ಬೇಶ ತಿಂಗಳ ಹತ್ತನೇ ದಿನ, ಮೇ 24ರ ಹೊತ್ತಿಗೆ. ಮಳೆ ಬಾಗಿಲಿಗೆ ಬಂದಿರುತ್ತದೆ, ಎಲ್ಲರೂ ಗದ್ದೆಗೆ ಇಳಿಯಬೇಕು. ಆ ದಿನಕ್ಕೆ ಕೋಲ, ನೇಮ, ಉತ್ಸವಗಳಿಗೆಲ್ಲ ತೆರೆ. ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚುತ್ತವೆ. ಮತ್ತೆ ಗೆಜ್ಜೆ ಕಟ್ಟುವುದು ದೀಪಾವಳಿ ಕಳೆದ ಮೇಲೆ.

ಹರಕೆ ಆಟ ಆಡಿಸಬೇಕು ಅಂದುಕೊಂಡಿದ್ದೇವೆ. ಎಷ್ಟು ಮೊದಲು ಹೇಳಬೇಕು?

ಆಟ ಅಂದರೆ ಇಲ್ಲಿ ಯಕ್ಷಗಾನ. ಯಾವ ಮೇಳ ಅನ್ನುವುದರ ಮೇಲೆ ಹೋಗುತ್ತದೆ. ಕಟೀಲು, ಮಂದಾರ್ತಿಯಂಥ ಕ್ಷೇತ್ರಗಳಿಗೆ ಹಲವು ಮೇಳಗಳಿದ್ದರೂ ಹರಕೆಯ ಸರದಿ ಬಹಳ ವರ್ಷ ಮುಂದಕ್ಕೆ ಹೋಗಿರುತ್ತದೆ. ಅಪ್ಪ ಹೇಳಿಕೊಂಡ ಆಟವನ್ನು ಮಗ ಆಡಿಸಿದ ಮನೆಗಳಿವೆ. ದೇವಸ್ಥಾನದ ಕಚೇರಿಯಲ್ಲಿ ಇವತ್ತೇ ಹೆಸರು ಬರೆಸಿ. ಈಗ ಕೆಲವು ಮೇಳ ಕಾಲಮಿತಿಯಲ್ಲಿ ಆಡುತ್ತವೆ, ನಡುರಾತ್ರಿಗೆ ಮುಗಿಯುತ್ತದೆ. ನೋಡಲು ಬಂದ ಮಕ್ಕಳನ್ನು ಚೌಕಿಗೆ (ಬಣ್ಣದ ಮನೆಗೆ) ಕರೆದುಕೊಂಡು ಹೋಗಿ, ಬಣ್ಣ ಹಚ್ಚುವುದನ್ನು ತೋರಿಸಿ.

ಕಂಬಳಕ್ಕೆ ಈಗ ಕಾನೂನಿನ ತೊಂದರೆ ಇಲ್ವಾ? ಕೋಣಗಳಿಗೆ ಹಿಂಸೆ ಅಲ್ವಾ?

ಕಾನೂನಿನ ಮಾತು ಮೊದಲು. 2014ರಲ್ಲಿ ಸುಪ್ರೀಂ ಕೋರ್ಟ್ ಜಲ್ಲಿಕಟ್ಟಿಗೆ ತಡೆ ಹಾಕಿದ ಮೇಲೆ ಅದರ ಬಿಸಿ ಇಲ್ಲಿಗೂ ತಟ್ಟಿತು. 2016ರ ನವೆಂಬರ್‌ನಲ್ಲಿ ಹೈಕೋರ್ಟ್ ಕಂಬಳಕ್ಕೂ ಮಧ್ಯಂತರ ತಡೆ ಕೊಟ್ಟಿತು. ರಾಜ್ಯ 2017ರ ತಿದ್ದುಪಡಿ ತಂದಿತು. ಅದನ್ನು ಸುಪ್ರೀಂ ಕೋರ್ಟ್ 2023ರ ಮೇ 18ರಂದು ಎತ್ತಿಹಿಡಿದಿದೆ. ಷರತ್ತುಗಳಿವೆ, ಪಾಲಿಸಲೇಬೇಕು.

ಹಿಂಸೆಯ ಪ್ರಶ್ನೆ ಕೇಳುವವರ ಮೇಲೆ ಸಿಟ್ಟು ಮಾಡಿಕೊಳ್ಳುವುದು ಸರಿಯಲ್ಲ. ಕೋಣ ಸಾಕುವವರು ಅವಕ್ಕೆ ಎಣ್ಣೆ ತಿಕ್ಕಿ, ಹುರುಳಿ ಬೇಯಿಸಿ ಹಾಕಿ, ಈಜಲು ಕೆರೆ ಮಾಡಿಸಿ ಸಾಕುತ್ತಾರೆ. ಅದು ನಿಜ. ಗೆಲ್ಲುವ ಹಠದಲ್ಲಿ ಬಾರುಕೋಲು ಬೀಸಿದ್ದೂ ನಿಜ. ಪ್ರೀತಿ ಇದೆ ಅಂದಮಾತ್ರಕ್ಕೆ ಪೆಟ್ಟು ಪೆಟ್ಟಲ್ಲ ಅಂತಾಗುವುದಿಲ್ಲ. ನಿಯಮ ಬಿಗಿಯಾದರೆ ಕಂಬಳ ಉಳಿಯುತ್ತದೆ ಎಂಬುದು ನನ್ನ ಅಭಿಪ್ರಾಯ.

ನೋಡಲು ಹೋದಾಗ ಇಷ್ಟು ಗೊತ್ತಿರಲಿ. ಕರೆ ಅಂದರೆ ಕೋಣ ಓಡುವ ಕೆಸರಿನ ಹಾದಿ; ಜೋಡುಕರೆಯಲ್ಲಿ ಎರಡು ಜೊತೆ ಒಟ್ಟಿಗೆ ಓಡುತ್ತವೆ. ಹಗ್ಗ, ನೇಗಿಲು ವಿಭಾಗಗಳಲ್ಲಿ ಹಿರಿಯ, ಕಿರಿಯ ಅಂತ ಎರಡೆರಡು. ಅಡ್ಡ ಹಲಗೆ ಇನ್ನೊಂದು. ಕನೆ ಹಲಗೆಯಲ್ಲಿ ವೇಗಕ್ಕಿಂತ ನೀರು ಚಿಮ್ಮುವ ಎತ್ತರಕ್ಕೆ ಬೆಲೆ. ಮೇಲೆ ಅಡ್ಡಲಾಗಿ ಕಟ್ಟಿದ ನಿಶಾನೆಯ ಬಟ್ಟೆಗೆ ಕೆಸರು ನೀರು ತಾಗಬೇಕು. ಮೊದಲ ಸಲ ಹೋಗುವವರಿಗೆ ಮೂಡುಬಿದಿರೆಯ ಕೋಟಿ ಚೆನ್ನಯ ಕಂಬಳ ಒಳ್ಳೆಯದು. ರಾತ್ರಿಯೂ ನಡೆಯುತ್ತದೆ. ಬಿಳಿ ಅಂಗಿ ಹಾಕಿಕೊಂಡು ಕರೆಯ ಬದಿಗೆ ಹೋಗಬೇಡಿ.

ನಮ್ಮ ಕುಟುಂಬದ ದೈವಕ್ಕೆ ತುಂಬಾ ವರ್ಷದಿಂದ ಏನೂ ಮಾಡಿಲ್ಲ. ಭಯ ಆಗುತ್ತೆ. ಎಲ್ಲಿಂದ ಶುರು ಮಾಡೋದು?

ಭಯ ಬೇಡ. ಮೊದಲು ಕುಟುಂಬದ ಮನೆ ಯಾವುದು ಅಂತ ತಿಳಿದುಕೊಳ್ಳಿ. ಅಳಿಯಕಟ್ಟಿನವರಾದರೆ, ಅಂದರೆ ತಾಯಿಯ ಕಡೆಯಿಂದ ವಂಶ ಎಣಿಸುವವರಾದರೆ, ಅದು ತಾಯಿಯ ಕಡೆಯದು. ಅಪ್ಪನ ಊರಿನಲ್ಲಿ ಹುಡುಕಿ ಪ್ರಯೋಜನವಿಲ್ಲ. ಅಮ್ಮನನ್ನು ಕೇಳಿ, ಸೋದರಮಾವನನ್ನು ಕೇಳಿ, ನಿಮ್ಮ ಬರಿ (ಗೋತ್ರದ ಹಾಗೆ ವಂಶದ ಹೆಸರು) ಯಾವುದು, ಚಾವಡಿ ಎಲ್ಲಿದೆ, ಯಾವ ಯಾವ ದೈವ ಅಂತ ಬರೆದುಕೊಳ್ಳಿ. ಹಿರಿಯರು ಇರುವಾಗಲೇ ಈ ಕೆಲಸ ಆಗಬೇಕು. ಲಕ್ಷಗಟ್ಟಲೆ ಖರ್ಚಿನ ಪಟ್ಟಿ ಕೊಟ್ಟು ಹೆದರಿಸುವವರು ಸಿಗುತ್ತಾರೆ. ಅವಸರದಲ್ಲಿ ಒಪ್ಪಿಕೊಳ್ಳಬೇಡಿ, ಕುಟುಂಬದ ಎಲ್ಲರೂ ಕೂತು ಮಾತಾಡಿ. ದೊಡ್ಡ ನೇಮ ಆಮೇಲಿನ ಮಾತು. ವರ್ಷಕ್ಕೊಮ್ಮೆ ತಂಬಿಲ ಎಂಬ ಸರಳ ಪೂಜೆ ಕೊಡುವುದು ಹೆಚ್ಚಿನ ಮನೆಗಳಿಗೆ ಸಾಧ್ಯವಾಗುವ ಸೇವೆ. ಯಾವುದಾದರೂ ಸಂಕ್ರಮಣದ ದಿನ ಹೋಗಿ, ಚಾವಡಿ ಗುಡಿಸಿ, ದೀಪ ಇಟ್ಟು, ಮುಂದಿನ ತಂಬಿಲದ ದಿನವನ್ನು ಅಲ್ಲೇ ಎಲ್ಲರ ಎದುರು ಗೊತ್ತು ಮಾಡಿ.